ಸೈನ್ಯದ ಹಳೇ ಲಾರಿ, ಕರಾವಳಿಯ ಉಪ್ಪುಗಾಳಿ

(ಕಾರವಾರದಲ್ಲಿ ಹಳೇ ವಾಹನಗಳ ಆಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಸೈನ್ಯದಿಂದ ಹೊರಬಂದ ಗಾಡಿ ಇಟ್ಟುಕೊಂಡವರನ್ನು ಊರಿನವರು ಕೇಳುವ ಪ್ರಶ್ನೆ ಎರಡೇ. "ಲೀಟರಿಗೆ ಎಷ್ಟು ಕೊಡ್ತದೆ?" "ಪಾರ್ಟ್ಸ್ ಸಿಗ್ತದಾ?" ಮೊದಲನೆಯದಕ್ಕೆ ನಾನು ಮನೆಯಲ್ಲೂ ಸರಿಯಾದ ಉತ್ತರ ಕೊಟ್ಟಿಲ್ಲ, ಇಲ್ಲೂ ಕೊಡೋದಿಲ್ಲ. ಎರಡನೆಯದಕ್ಕೆ ಉತ್ತರ ಸುಲಭ. ಸಿಗ್ತದೆ. ಹುಬ್ಬಳ್ಳಿಯಲ್ಲಿ ಹುಡುಕಬೇಕು, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಬೇಕು, ಅಲ್ಲೂ ಇಲ್ಲದಿದ್ದರೆ ದೆಹಲಿಯ ಮಾಯಾಪುರಿಯಿಂದ ಪಾರ್ಸೆಲ್ ತರಿಸಬೇಕು. ಅದೂ ಆಗದಿದ್ದರೆ ಲೇತಿನವರ ಹತ್ತಿರ ಮಾಡಿಸಬೇಕು. ಪಾರ್ಟ್ಸ್ ಸಿಗದೆ ನಿಂತುಹೋದ ಗಾಡಿ ನಮ್ಮ ಕಡೆ ನಾನು ಅಷ್ಟಾಗಿ ನೋಡಿಲ್ಲ. ನಿಂತಿದ್ದಕ್ಕೇ ಹಾಳಾದ ಗಾಡಿಗಳನ್ನು ಬೇಕಾದಷ್ಟು ನೋಡಿದ್ದೇನೆ. ನಿಂತ ಗಾಡಿಯನ್ನು ತಿನ್ನೋದು ತೇವ, ತುಕ್ಕು. ಆದ್ದರಿಂದ ಇವತ್ತು ಹೆಚ್ಚು ಮಾತಾಡೋದು ನೀರಿನ ಬಗ್ಗೆ.

ಮೊದಲು, ನಾವು ಯಾವ ಗಾಡಿಗಳ ಬಗ್ಗೆ ಮಾತಾಡ್ತಾ ಇದ್ದೇವೆ ಅಂತ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ಹವ್ಯಾಸಕ್ಕೆ ಸಿಗುವ ಸೈನ್ಯದ ಗಾಡಿಗಳಲ್ಲಿ ಬಹಳಷ್ಟು ಜಬಲ್ಪುರದಲ್ಲಿ ತಯಾರಾದವು. ಶಕ್ತಿಮಾನ್ ಲಾರಿ ಜರ್ಮನಿಯ ಮಾನ್ ಕಂಪನಿಯ ಪರವಾನಗಿಯಲ್ಲಿ 1959ರಿಂದ 1996ರವರೆಗೆ ತಯಾರಾಯಿತು. ನಿಸಾನ್ ಒಂದು ಟನ್ ಗಾಡಿ ಮತ್ತು ಜೊಂಗಾ ಎಂಬ ಜೀಪು, ಇವೆರಡೂ ಜಪಾನಿನ ನಿಸಾನ್ ವಿನ್ಯಾಸ. ಎರಡಕ್ಕೂ ಒಂದೇ ಆರು ಸಿಲಿಂಡರಿನ ಪೆಟ್ರೋಲ್ ಇಂಜಿನ್, 3,956 ಸಿಸಿ. ಇವುಗಳ ಜೊತೆಗೆ ಮಹೀಂದ್ರಾ ಜೀಪುಗಳು, ಮಾರುತಿ ಜಿಪ್ಸಿಗಳು. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪು ಇಟ್ಟುಕೊಂಡ ಪುಣ್ಯವಂತರೂ ಅಲ್ಲಲ್ಲಿ ಇದ್ದಾರೆ. ನನ್ನದು ಶಿರಸಿಯಲ್ಲಿರುವ ನಿಸಾನ್ ಒಂದು ಟನ್.

ಈ ಗಾಡಿಗಳ ಬಗ್ಗೆ ಒಂದು ತಪ್ಪು ಕಲ್ಪನೆ ಇದೆ. ಸೈನ್ಯದ್ದು ಅಂದರೆ ಗಟ್ಟಿ, ಏನೂ ಮಾಡದಿದ್ದರೂ ಓಡ್ತದೆ ಅಂತ. ಗಟ್ಟಿ ಹೌದು. ಆದರೆ ಸೈನ್ಯದಲ್ಲಿ ಆ ಗಾಡಿಯನ್ನು ದಿನಾ ಬೆಳಿಗ್ಗೆ ನೋಡೋದಕ್ಕೆ ಒಬ್ಬ ಡ್ರೈವರ್ ಇರುತ್ತಾನೆ. ಎಣ್ಣೆ, ನೀರು, ಗಾಳಿ, ನಟ್ಟು, ಗ್ರೀಸು ಎಲ್ಲದಕ್ಕೂ ಪಟ್ಟಿ ಇರುತ್ತದೆ. ಅವನ ಹಿಂದೆ ಇಎಂಇ, ಅಂದರೆ ಸೈನ್ಯದ ರಿಪೇರಿ ದಳದ ವರ್ಕ್‌ಶಾಪ್ ಇರುತ್ತದೆ. ಮುಂದಿನ ಸಾಲಿನಲ್ಲಿ ಕೂತ ನಿವೃತ್ತ ಸೈನಿಕರು ತಲೆಯಾಡಿಸ್ತಾ ಇದ್ದಾರೆ, ಅವರಿಗೆ ಗೊತ್ತು. ಗಾಡಿಯ ವಿನ್ಯಾಸವೇ ಇದನ್ನೆಲ್ಲ ನಂಬಿಕೊಂಡದ್ದು. ಎಲ್ಲಾ ಕಡೆ ಗ್ರೀಸ್ ನಿಪ್ಪಲ್ ಕೊಟ್ಟಿರೋದು ಯಾರೋ ಗ್ರೀಸ್ ಹೊಡೀತಾರೆ ಅಂತ. ಹರಾಜಿನಲ್ಲಿ ಗಾಡಿ ಬರುತ್ತದೆ. ಡ್ರೈವರೂ ವರ್ಕ್‌ಶಾಪೂ ಬರೋದಿಲ್ಲ.

ಹರಾಜು ಅಂದೆ. ಕಾಗದಪತ್ರದ ಮಾತನ್ನು ಬೇಗ ಮುಗಿಸುತ್ತೇನೆ. ಯಾಕೆಂದರೆ ಇದು ಬೇಸರದ ವಿಷಯ, ಆದರೆ ಇದರಲ್ಲಿ ಎಡವಿದರೆ ಉಳಿದದ್ದೆಲ್ಲ ವ್ಯರ್ಥ.

ರಕ್ಷಣಾ ಇಲಾಖೆಯ ವಿಲೇವಾರಿ ಸಾಮಾನು ಎಂಎಸ್‌ಟಿಸಿ ಎಂಬ ಕೇಂದ್ರ ಸರ್ಕಾರದ ಕಂಪನಿಯ ಆನ್‌ಲೈನ್ ಹರಾಜಿನ ಮೂಲಕ ಹೋಗುತ್ತದೆ. ಅಲ್ಲಿ ಗುಜರಿ ಎಂದು ಮಾರಿದ್ದನ್ನು ಗುಜರಿ ಎಂದೇ ತಿಳಿಯಬೇಕು. ಅದನ್ನು ಮತ್ತೆ ರಸ್ತೆಗೆ ತರೋದು ಸಾಧ್ಯವಿಲ್ಲ ಅನ್ನುವಷ್ಟು ಕಷ್ಟ. 2023ರ ಏಪ್ರಿಲ್ 1ರಿಂದ ನಿಯಮ ಇನ್ನೂ ಬಿಗಿಯಾಗಿದೆ. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣ ಆಗೋದಿಲ್ಲ. ದೇಶ ರಕ್ಷಣೆ, ಕಾನೂನು ಸುವ್ಯವಸ್ಥೆ, ಆಂತರಿಕ ಭದ್ರತೆಯ ಕಾರ್ಯಾಚರಣೆಗೆ ಬಳಸುವ ವಿಶೇಷ ವಾಹನಗಳಿಗೆ ಮಾತ್ರ ವಿನಾಯಿತಿ. ಹಾಗಾಗಿ ಹೊಸಬರಿಗೆ ನನ್ನ ಸಲಹೆ: ಈಗಾಗಲೇ ಖಾಸಗಿ ನಂಬರ್ ಇರುವ, ಆರ್‌ಸಿ ಚಾಲ್ತಿಯಲ್ಲಿರುವ ಗಾಡಿಯನ್ನೇ ಕೊಳ್ಳಿ. ನಾಲ್ಕು ಕಾಸು ಜಾಸ್ತಿ ಆದರೂ ಚಿಂತೆಯಿಲ್ಲ. ಕೆಎ-30 ಇರಲಿ, ಕೆಎ-31 ಇರಲಿ, ಬೇರೆ ಜಿಲ್ಲೆಯದಿರಲಿ, ಚಾಸಿಸ್ ನಂಬರನ್ನು ನೀವೇ ಕೈಯಿಂದ ಉಜ್ಜಿ ಆರ್‌ಸಿಗೆ ತಾಳೆ ನೋಡಿ. ಉಪ್ಪುಗಾಳಿಯ ಊರಿನ ಗಾಡಿಗಳಲ್ಲಿ ಆ ನಂಬರೇ ತುಕ್ಕಿನಲ್ಲಿ ಹೋಗಿರುತ್ತದೆ.

50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿ ಅಂತ 2021ರಲ್ಲಿ ಬಂತಲ್ಲ, ಅದು ಸ್ವಂತ ಬಳಕೆಯ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ. ಹಳೇ ಜೀಪಿಗೆ ಆಗಬಹುದು, ಲಾರಿಗೆ ಅದನ್ನು ನಂಬಿಕೊಳ್ಳಬೇಡಿ. ಅದರಲ್ಲಿ ನೋಂದಾಯಿಸಿದರೆ ದಿನಾ ರಸ್ತೆಯಲ್ಲಿ ಓಡಿಸುವ ಹಾಗೂ ಇಲ್ಲ.

ಇನ್ನು ಬಣ್ಣ. ಎಲ್ಲರಿಗೂ ಆಸೆ ಇರೋದು ಆ ಆಲಿವ್ ಹಸಿರಿನ ಮೇಲೆ, ಅಲ್ವಾ? ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಅದು ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ ಮೀಸಲು. ನಾವು ಹೊಡೆಸುವಂತಿಲ್ಲ. ಸೈನ್ಯದ ನಂಬರಿನ ಮುಂದೆ ಇರುವ ಮೇಲ್ಮುಖ ಬಾಣದ ಗುರುತು, ದಳದ ಲಾಂಛನ ಇವನ್ನೂ ಉಳಿಸಿಕೊಳ್ಳಬೇಡಿ. ನೌಕಾನೆಲೆ ಇರುವ ಊರು ಇದು. ಅರ್ಗಾದ ಕಡೆ ಅಂಥ ವೇಷದ ಗಾಡಿಯಲ್ಲಿ ಹೋದರೆ ನಿಮ್ಮನ್ನು ನಿಲ್ಲಿಸಿ ವಿಚಾರಿಸೋದು ಅವರ ಕರ್ತವ್ಯ. ನನ್ನದಕ್ಕೆ ಬೂದು ಬಣ್ಣ ಹೊಡೆಸಿದ್ದೇನೆ. ಮಣ್ಣು ಕಾಣೋದಿಲ್ಲ, ತುಕ್ಕು ಮಾತ್ರ ಎದ್ದು ಕಾಣುತ್ತದೆ. ನನಗೆ ಬೇಕಾದ್ದೂ ಅದೇ.

ಈಗ ನೀರಿಗೆ ಬರೋಣ.

ಕರಾವಳಿಯಲ್ಲಿ ತುಕ್ಕು ಯಾಕೆ ಜಾಸ್ತಿ? "ಮಳೆ ಜಾಸ್ತಿ, ಅದಕ್ಕೆ" ಅಂತೀರಿ. ಮಳೆಯೊಂದೇ ಆಗಿದ್ದರೆ ಗಾಡಿಯನ್ನು ಮಾಡಿನ ಕೆಳಗೆ ನಿಲ್ಲಿಸಿದರೆ ಸಾಕಿತ್ತು. ಮಾಡಿನ ಕೆಳಗೆ ನಿಂತದ್ದೂ ತುಕ್ಕು ಹಿಡಿಯುತ್ತದೆ. ಕಾರಣ ಉಪ್ಪು. ಅಲೆ ಒಡೆದಾಗ ಏಳುವ ಸಣ್ಣ ಹನಿ ಗಾಳಿಯಲ್ಲಿ ಒಳಗೆ ಬರುತ್ತದೆ, ಕಬ್ಬಿಣದ ಮೇಲೆ ಕೂರುತ್ತದೆ. ಗಾಳಿಯ ತೇವಾಂಶ ಸುಮಾರು ಶೇ. 75 ದಾಟಿದರೆ ಅಡುಗೆ ಉಪ್ಪು ತಾನಾಗಿಯೇ ನೀರು ಎಳೆದುಕೊಂಡು ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇದೆ. ಅದು ಶೇ. 33ರಲ್ಲೇ ಆ ಕೆಲಸ ಮಾಡುತ್ತದೆ. ಅಂದರೆ ಕಾರವಾರದಲ್ಲಿ ನಿಮ್ಮ ಚಾಸಿಸ್ ಮೇಲೆ ಕೂತ ಉಪ್ಪಿನ ಪದರ ಬೇಸಿಗೆಯಲ್ಲೂ ಪೂರ್ತಿ ಒಣಗೋದು ಅಪರೂಪ. ಮಳೆ ಬರದಿದ್ದರೂ ಗಾಡಿ ಒದ್ದೆಯೇ.

ಟ್ಯಾಗೋರ್ ಬೀಚಿನಲ್ಲಿ ಚಪಲ್ ಯುದ್ಧನೌಕೆ ಇದೆ. ಅದರ ಪಕ್ಕಕ್ಕೆ ಟುಪೊಲೆವ್ ವಿಮಾನವೂ ಬಂತು, 2023ರಲ್ಲಿ ಬಿಡಿಬಿಡಿಯಾಗಿ ಲಾರಿಗಳ ಮೇಲೆ. ಮುಂದಿನ ಸಲ ಹೋದಾಗ ಸೆಲ್ಫಿ ತೆಗೆದ ಮೇಲೆ ಐದು ನಿಮಿಷ ಅವುಗಳ ರಿವೆಟ್, ಬೆಸುಗೆ, ಎರಡು ಲೋಹ ಸೇರುವ ಮೂಲೆಗಳನ್ನು ನೋಡಿ. ಕಡಲ ಬದಿಯಲ್ಲಿ ನಿಂತ ಲೋಹ ಎಲ್ಲಿಂದ ಶುರುಮಾಡಿ ಹಾಳಾಗುತ್ತದೆ ಅಂತ ಕಲಿಯಲು ಅದಕ್ಕಿಂತ ಒಳ್ಳೆ ಶಾಲೆ ಇಲ್ಲ. ಯಾವಾಗಲೂ ಸಂದುಗಳಿಂದ. ಬಯಲಾಗಿರುವ ಜಾಗವನ್ನು ಮಳೆಯೇ ತೊಳೆಯುತ್ತದೆ. ಮಳೆ ಮುಟ್ಟದ ಸಂದಿನಲ್ಲಿ ಉಪ್ಪು ಉಳಿಯುತ್ತದೆ.

ಹಾಗಾಗಿ ಗಾಡಿ ತೊಳೆಯುವಾಗ ಬಾನೆಟ್ ತೊಳೆಯೋದು ಶೋಕಿ. ಅಡಿಯಿಂದ ತೊಳೆಯಬೇಕು. ಚಾಸಿಸ್ ಒಳಮೈ, ಮಡ್‌ಗಾರ್ಡಿನ ಮಡಿಕೆ, ಕಮಾನು ಪ್ಲೇಟುಗಳ ನಡುವೆ, ಡೀಸೆಲ್ ಟ್ಯಾಂಕಿನ ಪಟ್ಟಿಯ ಕೆಳಗೆ. ಬಾವಿ ನೀರು ಸಾಕು, ಆದರೆ ನಾಲಗೆಗೆ ಹಾಕಿ ನೋಡಿ. ಕಡಲ ಬದಿಯ ಕೆಲವು ಬಾವಿಗಳ ನೀರು ಏಪ್ರಿಲ್–ಮೇ ಹೊತ್ತಿಗೆ ಸವಳಾಗುತ್ತದೆ. ಉಪ್ಪುನೀರಲ್ಲಿ ತೊಳೆದರೆ ಏನು ಬಂತು? ತೊಳೆದ ಮೇಲೆ ಬಿಸಿಲಿಗೆ ಬಿಡಿ. ಬಾಗಿಲ ಕೆಳಗಿನ ನೀರು ಇಳಿಯುವ ತೂತುಗಳಿಗೆ ಸೈಕಲ್ ಕಡ್ಡಿ ತೂರಿಸಿ. ಟಿಂಕರಿಂಗ್ ಮಾಡುವವರು ಪುಟ್ಟಿ ಮೆತ್ತಿ ಅವನ್ನೇ ಮುಚ್ಚಿಬಿಟ್ಟಿರುತ್ತಾರೆ.

ಹಳೇ ಇಂಜಿನ್ ಆಯಿಲನ್ನು ಡೀಸೆಲಿಗೆ ಬೆರೆಸಿ ಅಡಿಗೆ ಹೊಡೆಯೋದು ನಮ್ಮಲ್ಲಿ ಮಾಮೂಲು. ನಾನು ಅದನ್ನು ಒಪ್ಪೋದಿಲ್ಲ. ರಬ್ಬರ್ ಬುಷ್‌ಗಳು ಉಬ್ಬಿ ಮೆತ್ತಗಾಗುತ್ತವೆ. ಮಳೆಗೆ ತೊಳೆದುಹೋದದ್ದು ತೋಟಕ್ಕೋ ಬಾವಿಗೋ ಸೇರುತ್ತದೆ. ಟೊಳ್ಳು ಭಾಗಗಳ ಒಳಗೆ ಮೇಣದಂಥ ಕೋಟಿಂಗ್ ಸ್ಪ್ರೇ ಸಿಗುತ್ತದೆ, ಅದನ್ನು ಹಾಕಿ. ಹೊರಗೆ ರೆಡ್ ಆಕ್ಸೈಡ್, ಮೇಲೆ ಎನಾಮಲ್. ಹಿಂಬದಿ ಬಾಡಿಯ ಹಲಗೆಗಳಿಗೆ ಮಾತ್ರ ನಾನು ನಮ್ಮ ಮೀನುಗಾರರ ಪದ್ಧತಿಯನ್ನೇ ಹಿಡಿದಿದ್ದೇನೆ. ಗೇರುಬೀಜದ ಸಿಪ್ಪೆಯ ಎಣ್ಣೆ. ಮರದ ದೋಣಿಗೆ ಹಚ್ಚಿದ್ದು ಲಾರಿ ಹಲಗೆಗೆ ಆಗದೇ ಇರುತ್ತದೆಯೇ? ಕೈಗೆ ಗ್ಲೌಸ್ ಹಾಕಿಕೊಳ್ಳಿ, ಆ ಎಣ್ಣೆ ಚರ್ಮ ಸುಡುತ್ತದೆ.

ಘಟ್ಟದ ಮೇಲಿನವರು ಈಗ ನಗಬೇಡಿ. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಉಪ್ಪಿಲ್ಲ, ನಿಜ. ಅಲ್ಲಿ ದರಕು ಇದೆ. ಒಣ ಎಲೆ ಗಾಜಿನ ಕೆಳಗಿನ ಕಿಂಡಿಯಲ್ಲಿ ತುಂಬಿ, ಕೊಳೆತು, ತಿಂಗಳುಗಟ್ಟಲೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಇಲಿ ಇದೆ, ವೈರು ಕಡಿಯಲಿಕ್ಕೆ. ಕುಂಬಾರ ಹುಳ ಇದೆ, ಸಿಕ್ಕ ಸಣ್ಣ ಪೈಪಿನಲ್ಲೆಲ್ಲ ಮಣ್ಣಿನ ಗೂಡು ಕಟ್ಟಲಿಕ್ಕೆ. ಆಕ್ಸಲ್ ಹೌಸಿಂಗ್ ಮೇಲೆ ಒಂದು ಬ್ರೀದರ್, ಅಂದರೆ ಗಾಳಿಯಾಡುವ ಸಣ್ಣ ಕಿಂಡಿ ಇರುತ್ತದೆ. ಅದು ಕಟ್ಟಿಕೊಂಡರೆ ಏನಾಗುತ್ತದೆ ನೋಡಿ. ಗಾಡಿ ಓಡಿ ಹೌಸಿಂಗ್ ಬಿಸಿಯಾಗಿದೆ, ನೀವು ಹಳ್ಳಕ್ಕೆ ಇಳಿಸಿದಿರಿ. ಒಳಗಿನ ಗಾಳಿ ತಟ್ಟನೆ ತಣ್ಣಗಾಗಿ ಕುಗ್ಗುತ್ತದೆ. ಬ್ರೀದರಿನಿಂದ ಗಾಳಿ ಬರುವಂತಿಲ್ಲ, ಹಾಗಾಗಿ ಆಯಿಲ್ ಸೀಲಿನ ಸಂದಿನಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಆಮೇಲೆ ಡ್ರೈನ್ ಬೋಲ್ಟ್ ಬಿಚ್ಚಿದರೆ ಎಣ್ಣೆ ಹಾಲು ಹಾಕಿದ ಚಹದ ಹಾಗೆ ಬರುತ್ತದೆ. ಬೇರಿಂಗ್ ಹೋಯಿತು ಅಂತಲೇ ಲೆಕ್ಕ.

ಇನ್ನೊಂದು, ಕೊಟ್ಟಿಗೆ. ನಮ್ಮ ಮನೆಗಳಲ್ಲಿ ದೊಡ್ಡ ಮಾಡು ಇರೋದು ಕೊಟ್ಟಿಗೆಗೇ, ಗಾಡಿಯನ್ನೂ ಅಲ್ಲೇ ತಂದು ನಿಲ್ಲಿಸುತ್ತೇವೆ. ಇದಕ್ಕೆ ಸೈನ್ಯದ ಇತಿಹಾಸದಲ್ಲೇ ಒಂದು ಪಾಠ ಇದೆ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದಲ್ಲಿದ್ದ ಸೈನ್ಯ ಮಳೆಗಾಲದಲ್ಲಿ ಮದ್ದುಗುಂಡನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಮಳೆ ಮುಗಿದು ನೋಡಿದರೆ ಗುಂಡಿನ ಹಿತ್ತಾಳೆ ಕೋಶಗಳು ಸೀಳು ಬಿಟ್ಟಿರುತ್ತಿದ್ದವು. ಯಾರೂ ಮುಟ್ಟಿಲ್ಲ, ಹಾರಿಸಿಲ್ಲ. ಕುದುರೆ ಮೂತ್ರದಿಂದ ಏಳುವ ಅಮೋನಿಯಾ, ಒಳಗೇ ಬಿಗಿತ ಇರುವ ಹಿತ್ತಾಳೆಯನ್ನು ಬಿರುಕು ಬಿಡಿಸುತ್ತದೆ ಅಂತ 1921ರ ಹೊತ್ತಿಗೆ ವಿಜ್ಞಾನಿಗಳು ತೋರಿಸಿಕೊಟ್ಟರು. ದನದ ಮೂತ್ರದಲ್ಲೂ ಅಮೋನಿಯಾ ಬರುತ್ತದೆ. ನಿಮ್ಮ ಗಾಡಿಯ ರೇಡಿಯೇಟರ್ ಹಿತ್ತಾಳೆ–ತಾಮ್ರದ್ದು, ಕಾರ್ಬುರೇಟರ್ ಜೆಟ್ ಹಿತ್ತಾಳೆ, ವೈರು ತಾಮ್ರ. ಗಾಡಿಗೆ ಬೇರೆ ಚಪ್ಪರ ಕಟ್ಟಿ, ಎರಡು ಬದಿ ತೆರೆದಿರಲಿ. ಟಾರ್ಪಲ್ ಮೈಗಂಟಿ ಹೊದಿಸಬೇಡಿ, ಒಳಗೆ ಹಬೆ ಕಟ್ಟುತ್ತದೆ.

ಮಳೆಗಾಲಕ್ಕೆ ನಿಲ್ಲಿಸುವ ಮೊದಲು ಮಾಡಬೇಕಾದ್ದು. ಬ್ಯಾಟರಿ ಬಿಚ್ಚಿ. ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಚಕ್ರಕ್ಕೆ ಕಲ್ಲು ಕೊಡಿ. ಇಲ್ಲದಿದ್ದರೆ ಬ್ರೇಕ್ ಲೈನರ್ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಕ್ಲಚ್ ಪೆಡಲ್ ಒತ್ತಿ, ಪೆಡಲಿಗೂ ಸೀಟಿಗೂ ನಡುವೆ ಒಂದು ಮರದ ತುಂಡು ಕೊಡಿ. ಪ್ಲೇಟು ಫ್ಲೈವೀಲಿಗೆ ತುಕ್ಕಿನಲ್ಲಿ ಅಂಟಿಕೊಂಡರೆ ಗೇರ್ ಬಾಕ್ಸ್ ಇಳಿಸುವ ಕೆಲಸ ಬರುತ್ತದೆ. ಆ ಮರದ ತುಂಡಿನಷ್ಟು ಅಗ್ಗದ ಬಿಡಿಭಾಗ ಬೇರೆ ಇಲ್ಲ.

"ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡ್ತೇನೆ" ಅಂತ ತುಂಬಾ ಜನ ಹೆಮ್ಮೆಯಿಂದ ಹೇಳ್ತಾರೆ. ಬೇಡ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರೇ ಹುಟ್ಟುತ್ತದೆ, ಆವಿಯಾಗಿ. ಇಂಜಿನ್ ಪೂರ್ತಿ ಬಿಸಿಯಾಗದಿದ್ದರೆ ಅದರಲ್ಲಿ ಒಂದಷ್ಟು ಸೈಲೆನ್ಸರಿನಲ್ಲೂ ಆಯಿಲಿನಲ್ಲೂ ಉಳಿಯುತ್ತದೆ. ಸ್ಟಾರ್ಟ್ ಮಾಡಿದರೆ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ಬನ್ನಿ. ಆಗದಿದ್ದರೆ ಮುಟ್ಟಬೇಡಿ.

ಪೆಟ್ರೋಲ್ ಗಾಡಿಯವರಿಗೆ ಈಗ ಹೊಸ ತಲೆನೋವು ಶೇ. 20 ಎಥನಾಲ್. ನಮ್ಮ ಹಳೇ ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಮ್, ಕಾರ್ಕ್ ಗ್ಯಾಸ್ಕೆಟ್ ಇದಕ್ಕೆ ಅಂತ ಮಾಡಿದ್ದಲ್ಲ. ಎಥನಾಲ್ ಗಾಳಿಯಿಂದ ನೀರು ಹೀರುತ್ತದೆ. ಜಾಸ್ತಿಯಾದರೆ ನೀರು–ಎಥನಾಲ್ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಪೈಪು ಹೀರೋದು ತಳದಿಂದಲೇ. ಪೈಪುಗಳನ್ನು ಎಥನಾಲ್ ತಡೆಯುವಂಥವಕ್ಕೆ ಬದಲಿಸಿ. ಮಳೆಗಾಲ ಪೂರ್ತಿ ನಿಲ್ಲಿಸೋದಾದರೆ ಟ್ಯಾಂಕು, ಕಾರ್ಬುರೇಟರ್ ಎರಡನ್ನೂ ಖಾಲಿ ಮಾಡಿ. ಡೀಸೆಲಿನವರಿಗೆ ಇದು ಇಲ್ಲ, ಅವರು ಫಿಲ್ಟರಿನ ತಳದ ನೀರು ಬಿಡುತ್ತಿದ್ದರೆ ಸಾಕು.

ಬ್ರೇಕಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ನಮ್ಮದು ಘಟ್ಟದ ಜಿಲ್ಲೆ. ದೇವಿಮನೆ, ಅರಬೈಲ್, ಅಣಶಿ, ದೊಡ್ಮನೆ, ಯಾವ ಕಡೆ ಇಳಿದರೂ ಬ್ರೇಕಿನ ಮೇಲೆಯೇ ಇಳಿಯಬೇಕು. ಬ್ರೇಕ್ ಆಯಿಲ್ ಕೂಡ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕುದಿಯೋದು ಕನಿಷ್ಠ 230 ಡಿಗ್ರಿಗೆ. ಅದಕ್ಕೆ ಶೇ. 3.7ರಷ್ಟು ನೀರು ಸೇರಿದರೆ ಆ ಕನಿಷ್ಠ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 205ರಿಂದ 140ಕ್ಕೆ. ಘಟ್ಟ ಇಳಿಯುವಾಗ ಡ್ರಮ್ ಕಾದು ಸಿಲಿಂಡರಿನಲ್ಲಿ ಆಯಿಲ್ ಕುದಿದರೆ ಒಳಗೆ ಆವಿ ತುಂಬುತ್ತದೆ. ಆವಿಯನ್ನು ಒತ್ತಿದರೆ ಅದು ಕುಗ್ಗುತ್ತದೆ ಅಷ್ಟೆ, ಬ್ರೇಕ್ ಹಿಡಿಯೋದಿಲ್ಲ. ಪೆಡಲ್ ನೆಲಕ್ಕೆ ಹೋಗುತ್ತದೆ. ಹಳೇ ಗಾಡಿಗಳಲ್ಲಿ ಹೆಚ್ಚಿನವಕ್ಕೆ ನಾಲ್ಕೂ ಚಕ್ರಕ್ಕೆ ಸೇರಿ ಒಂದೇ ಲೈನ್. ಒಂದು ಕಡೆ ಹೋದರೆ ನಾಲ್ಕೂ ಹೋಯಿತು.

ವರ್ಷಕ್ಕೊಮ್ಮೆ, ಮಳೆ ಬಿಟ್ಟ ಮೇಲೆ, ಅಕ್ಟೋಬರಿನಲ್ಲಿ ಆಯಿಲ್ ಪೂರ್ತಿ ಬದಲಿಸಿ. ಒಡೆದು ಅರ್ಧ ಉಳಿದ ಡಬ್ಬಿಯನ್ನು ಮುಂದಿನ ವರ್ಷಕ್ಕೆ ಇಡಬೇಡಿ. ವೀಲ್ ಸಿಲಿಂಡರ್ ಒಳಗೆ ತುಕ್ಕಿನ ಗುಳಿ ಇದ್ದರೆ ಕಿಟ್ ಬದಲಿಸಿ ಪ್ರಯೋಜನವಿಲ್ಲ, ಹೊಸ ರಬ್ಬರನ್ನೂ ಅದು ಕಡಿಯುತ್ತದೆ. ಲೇತಿನಲ್ಲಿ ಸ್ಟೀಲ್ ಸ್ಲೀವ್ ಹಾಕಿಸಿ. ಮತ್ತೆ, ನಾಟಾ ಲಾರಿ ಓಡಿಸಿದ ಹಿರಿಯರು ಹೇಳುತ್ತಿದ್ದ ಮಾತು ಈಗಲೂ ಸರಿ: ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ.

ಚಕ್ರ. ದಯವಿಟ್ಟು ಐಟಿಐ ಹುಡುಗರು ಇದನ್ನು ಗಮನ ಕೊಟ್ಟು ಕೇಳಿ. ಸೈನ್ಯದ ಕೆಲವು ಗಾಡಿಗಳಲ್ಲಿ ರಿಮ್ ಎರಡು ಹೋಳು. ಹೋಳುಗಳನ್ನು ಸೇರಿಸುವ ನಟ್ಟುಗಳ ಒಂದು ಸುತ್ತು, ಚಕ್ರವನ್ನು ಹಬ್ಬಿಗೆ ಹಿಡಿಯುವ ನಟ್ಟುಗಳ ಇನ್ನೊಂದು ಸುತ್ತು. ಟೈರಿನಲ್ಲಿ ಗಾಳಿ ಇರುವಾಗ ಹೋಳಿನ ನಟ್ಟು ಬಿಚ್ಚಿದರೆ ಇಡೀ ರಿಮ್ ಸಿಡಿದು ಮುಖಕ್ಕೆ ಬರುತ್ತದೆ. ಜನ ಸತ್ತಿದ್ದಾರೆ. ಬ್ರಿಟಿಷ್ ಸೈನ್ಯದಲ್ಲಿ ಆ ನಟ್ಟುಗಳಿಗೆ ಕೆಂಪು ಬಣ್ಣ ಬಳಿಯುವ ರೂಢಿ ಇತ್ತು. ನೀವೂ ಬಳಿಯಿರಿ. ಲಾರಿಗಳಲ್ಲಿ ಟೈರನ್ನು ರಿಮ್ಮಿನಲ್ಲಿ ಹಿಡಿದಿಡುವ ಲಾಕ್ ರಿಂಗ್ ಇರುತ್ತದೆ, ಅದೂ ಅಷ್ಟೇ ಅಪಾಯ. ತುಕ್ಕು ತಿಂದ ರಿಂಗ್ ತೋಡಿನಲ್ಲಿ ಸರಿಯಾಗಿ ಕೂರೋದಿಲ್ಲ. ಬಿಚ್ಚುವ ಮೊದಲು ವಾಲ್ವ್ ಪಿನ್ ತೆಗೆದು ಗಾಳಿ ಪೂರ್ತಿ ಬಿಡಿ. ಗಾಳಿ ತುಂಬುವಾಗ ಚಕ್ರವನ್ನು ಕಬ್ಬಿಣದ ಪಂಜರದೊಳಗೆ ಇಡಿ, ಉದ್ದ ಪೈಪಿನಿಂದ ದೂರ ನಿಂತು ತುಂಬಿ. ರಸ್ತೆ ಬದಿಯ ಪಂಚರ್ ಅಂಗಡಿಯವನಿಗೆ ಈ ರಿಮ್ ಹೊಸತು. ಅವನಿಗೆ ಹೇಳದೆ ಚಕ್ರ ಕೊಟ್ಟು ಚಹ ಕುಡಿಯಲು ಹೋಗಬೇಡಿ.

ವಿಲ್ಲೀಸ್ ಜೀಪಿನವರಿಗೆ ಒಂದು ಮಾತು: ಎಡಬದಿಯ ಚಕ್ರಗಳ ನಟ್ಟು ಉಲ್ಟಾ ಮರೆ, ಅಂದರೆ ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಬಲ ಹಾಕಿ ತಿರುಗಿಸಿ ಸ್ಟಡ್ ಮುರಿದವರು ಎಷ್ಟೋ ಜನ. ಅದಕ್ಕೆ ಇಂಚಿನ ಪಾನಾ ಬೇಕು, ಜಬಲ್ಪುರದ ಗಾಡಿಗಳಿಗೆ ಮಿಲಿಮೀಟರಿನದು. ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿಡಿ.

ಉಳಿದದ್ದು ಚುಟುಕಾಗಿ. ಟಾರ್ ರಸ್ತೆಯಲ್ಲಿ ಫೋರ್ ವೀಲ್ ಹಾಕಿ ಓಡಿಸಬೇಡಿ. ಇಂಥ ಹಳೇ ಗಾಡಿಗಳಲ್ಲಿ ಮುಂದಿನ–ಹಿಂದಿನ ಆಕ್ಸಲ್ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ನಡುವೆ ಇರೋದಿಲ್ಲ, ತಿರುವಿನಲ್ಲಿ ಎಲ್ಲಾ ಬಿಗಿದುಕೊಳ್ಳುತ್ತದೆ. 24 ವೋಲ್ಟಿನ ಗಾಡಿಯಲ್ಲಿ ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆದು ಹಾಡು ಹಾಕಬೇಡಿ, ಎರಡೂ ಬ್ಯಾಟರಿ ಬೇಗ ಸಾಯುತ್ತವೆ. ಹಿತ್ತಾಳೆ ಸಿಂಕ್ರೊ (ಗೇರ್ ಸಲೀಸಾಗಿ ಬೀಳಿಸುವ ರಿಂಗ್) ಇರುವ ಹಳೇ ಗೇರ್ ಬಾಕ್ಸಿಗೆ ಜಿಎಲ್-4 ದರ್ಜೆಯ ಎಣ್ಣೆ ಕೇಳಿ ತನ್ನಿ. ಅಂಗಡಿಯವರು ಜಿಎಲ್-5 ಕೊಟ್ಟು "ಇದು ಇನ್ನೂ ಒಳ್ಳೇದು" ಅಂತಾರೆ. ಅದರಲ್ಲಿನ ಗಂಧಕ ಹಿತ್ತಾಳೆಗೆ ಆಗೋದಿಲ್ಲ.

ಕೊನೆಗೆ ಕೆಲವರು ಪ್ರಶ್ನೆ ಕೇಳಿದರು. ಅದರಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಕುಮಟಾದಿಂದ ಬಂದಿದ್ದ ಹುಡುಗನೊಬ್ಬ ಜೊಂಗಾಕ್ಕೆ ಡೀಸೆಲ್ ಇಂಜಿನ್ ಕೂರಿಸಬಹುದಾ ಅಂತ ಕೇಳಿದ. ಕೂರುತ್ತದೆ, ತುಂಬಾ ಜನ ಕೂರಿಸಿದ್ದಾರೆ. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಆರ್‌ಟಿಒ ಅನುಮತಿ ಮೊದಲು, ಇಂಜಿನ್ ಆಮೇಲೆ. ಉಲ್ಟಾ ಮಾಡಿದರೆ ಅಪಘಾತವಾದ ದಿನ ವಿಮೆಯವರು ಕೈ ಎತ್ತುತ್ತಾರೆ. ನನ್ನನ್ನು ಕೇಳಿದರೆ ಆ ಆರು ಸಿಲಿಂಡರ್ ಇಂಜಿನ್ ತೆಗೆಯೋದೇ ಬೇಡ ಅಪ್ಪಾ. ಅದರ ಸದ್ದಿಗೆ ತಾನೇ ನೀನು ಆ ಗಾಡಿ ತಗೊಂಡದ್ದು?

ಹಿರಿಯರೊಬ್ಬರು, "ಇಷ್ಟೆಲ್ಲ ಮಾಡಿ ಅದರಲ್ಲಿ ನಾಲ್ಕು ಮೂಟೆ ಅಡಿಕೆ ಒಯ್ಯಲಿಕ್ಕಾದರೂ ಆಗ್ತದಾ ಮಾರಾಯ?" ಅಂದರು. ಆರ್‌ಸಿಯಲ್ಲಿ ಏನು ಬರೆದಿದೆ ಅನ್ನೋದರ ಮೇಲೆ ಹೋಗುತ್ತದೆ. ಸರಕು ವಾಹನ ಎಂದಿದ್ದು ಒಟ್ಟು ತೂಕ 3,000 ಕೆ.ಜಿ. ದಾಟಿದರೆ ಪರ್ಮಿಟ್ ಬೇಕು. 7,500 ಕೆ.ಜಿ. ದಾಟಿದರೆ ಕಾರಿನ ಲೈಸೆನ್ಸ್ ಸಾಲದು, ಆ ವರ್ಗದ ವಾಹನದ್ದೇ ಮಾಡಿಸಬೇಕು. ಶಕ್ತಿಮಾನ್ ತರುವವರು ಇದನ್ನು ಮೊದಲೇ ನೋಡಿಕೊಳ್ಳಿ. ನನ್ನ ಗಾಡಿಯಲ್ಲಿ ನಾನು ಅಡಿಕೆ ಒಯ್ಯೋದಿಲ್ಲ. ಒಯ್ದರೆ ಪೆಟ್ರೋಲಿಗೇ ಆ ಅಡಿಕೆ ಮಾರಬೇಕಾಗುತ್ತದೆ.